ಅತ್ತು ಮೇಷ್ಟ್ರು

ಕಚೇರಿಯ ರಾಜ್ಯೋತ್ಸವವಿರಲಿ, ಯಾರದೋ ಬೀಳ್ಕೊಡುಗೆಯಿರಲಿ, ಮೈಕ್ ಹಿಡಿದು ನಿರೂಪಣೆ ಮಾಡಲು ಎಲ್ಲರೂ ಅಶೋಕನನ್ನೇ ಕರೆಯುತ್ತಿದ್ದರು. ಮೈಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನ ಕನ್ನಡ ಅಷ್ಟು ಸ್ವಚ್ಛವಾಗಿತ್ತು. ಒಂದು ಒತ್ತಕ್ಷರ ಜಾರುತ್ತಿರಲಿಲ್ಲ, ಒಂದು ಮಹಾಪ್ರಾಣ ತಪ್ಪುತ್ತಿರಲಿಲ್ಲ. ‘ನಿಮ್ಮ ತಂದೆಯವರು ಕನ್ನಡ ಪಂಡಿತರಾಗಿದ್ದರಾ?’ ಎಂದು ಕೇಳಿದವರೂ ಉಂಟು. ಅಶೋಕ ನಕ್ಕು ಸುಮ್ಮನಾಗುತ್ತಿದ್ದ. ತನ್ನ ತಂದೆ ಚೆಲುವಯ್ಯ ಹಿನಕಲ್‌ನ ಗಾರೆ ಕೆಲಸದವರು, ಸಹಿ ಹಾಕುವಷ್ಟೇ ಅಕ್ಷರ ಕಲಿತಿದ್ದವರು ಎಂದು ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ.

ಹಾಗಾಗಿ ಎರಡು ಸಾವಿರದ ಎಂಟರ ಜನವರಿಯಲ್ಲಿ, ಯಾದವಗಿರಿಯ ಪ್ರೌಢಶಾಲೆಯಲ್ಲಿ ತೊಂಬತ್ತೈದನೇ ಇಸವಿಗೆ ಎಸ್ಸೆಸ್ಸೆಲ್ಸಿ ಮುಗಿಸಿದವರೆಲ್ಲ ಒಂದು ಭಾನುವಾರ ಸೇರುವುದೆಂದು ತೀರ್ಮಾನವಾದಾಗ ಮೈಕ್ ತಾನಾಗಿಯೇ ಅವನ ಕೈಗೆ ಬಂತು. ಮುಂದೆ ನಿಂತು ಎಲ್ಲ ಓಡಾಟ ಮಾಡಿದವನು ಶಿವಕಿರಣ. ಅವನ ಮನೆತನದವರದು ಪೇಟೆಯಲ್ಲಿ ಮೂರು ತಲೆಮಾರಿನ ಜವಳಿ ಅಂಗಡಿ. ದೊಡ್ಡಪ್ಪ ಸಿದ್ದಮಲ್ಲಪ್ಪನವರು ಶಾಲೆಯ ಆಡಳಿತ ಮಂಡಳಿಯಲ್ಲಿದ್ದವರು.

‘ಎಂಟು, ಒಂಬತ್ತು, ಹತ್ತು, ಮೂರು ವರ್ಷ ಒಟ್ಟಿಗೆ ಹೇಗೆ ಬೆಳೆದ್ವಿ ಅಂತ ಒಬ್ಬೊಬ್ಬರೂ ಎರಡೆರಡು ಮಾತಾಡ್ಬೇಕು ಕಣೋ. ನೀನು ನಡೆಸ್ಕೊಡು’ ಎಂದು ಶಿವಕಿರಣ ಫೋನಿನಲ್ಲಿ ಹೇಳಿದ.

‘ಮೇಷ್ಟ್ರುಗಳಲ್ಲಿ ಯಾರ್ಯಾರನ್ನ ಕರೆದಿದೀಯ?’

‘ಹೆಡ್‌ಮಾಸ್ಟರ್ ಶಿವರುದ್ರಪ್ಪನೋರು ಬರ್ತಾರೆ. ಕನ್ನಡದ ಪ್ರೇಮಲೀಲಾ ಮಿಸ್ ಬರ್ತಾರೆ. ಸಾಕಲ್ವಾ?’

ಗಣಿತದ ಮೇಷ್ಟ್ರ ಹೆಸರು ಅಶೋಕನ ನಾಲಗೆಯ ತುದಿಗೆ ಬಂದಿತ್ತು. ‘ಸಾಕು’ ಎಂದ.

ಆ ಭಾನುವಾರ ಬೆಳಿಗ್ಗೆ ಶಾಲೆಯ ಹಾಲಿನಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸೇರಿದರು. ದಪ್ಪಗಾದವರು, ತಲೆ ಬೋಳಾಗತೊಡಗಿದವರು, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದವರು. ಒಬ್ಬೊಬ್ಬರೂ ಬಂದು ಮಾತಾಡಿದರು. ಎಂಟನೇ ಕ್ಲಾಸಿನ ಮೊದಲ ದಿನ ಅತ್ತದ್ದು, ಒಂಬತ್ತರಲ್ಲಿ ಶ್ರೀರಂಗಪಟ್ಟಣಕ್ಕೆ ಸೈಕಲ್ಲಿನಲ್ಲಿ ಹೋಗಿ ಒದೆ ತಿಂದದ್ದು, ಹತ್ತರಲ್ಲಿ ಬೆಳಗಿನ ಜಾವ ಎದ್ದು ಓದುತ್ತೇನೆಂದು ಪುಸ್ತಕದ ಮೇಲೇ ಮಲಗಿದ್ದು. ಅಶೋಕ ಒಬ್ಬರ ಮಾತಿನಿಂದ ಇನ್ನೊಬ್ಬರ ಮಾತಿಗೆ ಸಲೀಸಾಗಿ ಸಭೆಯನ್ನು ದಾಟಿಸುತ್ತಿದ್ದ. ಹಿರಿಯರು ಮುಂದಿನ ಸಾಲಿನಲ್ಲಿ ತಲೆದೂಗುತ್ತಿದ್ದರು.

ನಡುವೆ ಹಿಂದಿನ ಸಾಲಿನತ್ತ ಕಣ್ಣು ಹಾಯಿಸಿದಾಗ, ನೀಲಿ ಸೀರೆಯ ಒಬ್ಬ ಹೆಂಗಸು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುವುದು ಕಾಣಿಸಿತು. ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವನು ನೋಟವನ್ನು ಬೇರೆ ಕಡೆ ತಿರುಗಿಸಿದ. ಭಾನುಪ್ರಿಯಾ. ಹಿನಕಲ್‌ನಲ್ಲಿ ಅವರ ಹಿಂದಿನ ಬೀದಿಯ ಹುಡುಗಿ. ಎಂಟನೇ ಕ್ಲಾಸಿನಲ್ಲಿ ಇಬ್ಬರೂ ದಿನಾ ಹುಣಸೂರು ರಸ್ತೆ ಹಿಡಿದು ಒಟ್ಟಿಗೆ ನಡೆದು ಶಾಲೆಗೆ ಬರುತ್ತಿದ್ದರು. ಒಂಬತ್ತಕ್ಕೆ ಬಂದ ಮೇಲೆ ಅಶೋಕ ಕಾಲು ಗಂಟೆ ಮೊದಲೇ ಮನೆ ಬಿಡತೊಡಗಿದ. ಯಾಕೆಂದು ಅವಳು ಕೇಳಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅವಳು ಗಣಿತದಲ್ಲಿ ಫೇಲಾಗಿದ್ದಳು. ಅಂಥವರ ಹೆಸರು ಶಿವಕಿರಣನ ಪಟ್ಟಿಯಲ್ಲಿ ಇರಲಿಲ್ಲ. ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ಗಳ ಸಾಲಿನಲ್ಲಿ ನೋಡಿಕೊಂಡು ಬಂದಿದ್ದಿರಬೇಕು.

ಹನ್ನೊಂದೂವರೆಯ ಹೊತ್ತಿಗೆ ಕಾಫಿ ಬಂತು. ಶಿವರುದ್ರಪ್ಪನವರೂ ಪ್ರೇಮಲೀಲಾ ಮಿಸ್ಸೂ ಆಫೀಸ್ ರೂಮಿಗೆ ಹೋದರು. ಹಿರಿಯರು ಎದ್ದದ್ದೇ ತಡ, ಸಭೆ ಮತ್ತೆ ಕ್ಲಾಸಾಗಿಬಿಟ್ಟಿತು. ಶಿವಕಿರಣ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದ:

‘ಅಶೋಕ, ಅತ್ತು ಮೇಷ್ಟ್ರು ಮಾಡೋ!’

ಎಲ್ಲರೂ ಹೋ ಎಂದರು. ಯಾರೋ ಚಪ್ಪಾಳೆ ಹೊಡೆದರು. ‘ಅತ್ತು ಮೇಷ್ಟ್ರು! ಅತ್ತು ಮೇಷ್ಟ್ರು!’

ಆ ಹೆಸರನ್ನು ಇಟ್ಟವನೇ ಅಶೋಕ.

ಎಂಟನೇ ಕ್ಲಾಸಿಗೆ ಸೇರಿದ ಹೊಸತರಲ್ಲಿ ಅವನೂ ಮನೆಯಲ್ಲಿ ಆಡುವ ಹಾಗೆಯೇ ಮಾತಾಡುತ್ತಿದ್ದ. ಒಂದು ದಿನ ಎದ್ದು ನಿಂತು ‘ಮಿಸ್, ಓಮ್‌ವರ್ಕ್ ತಂದಿಲ್ಲ’ ಎಂದಾಗ ಕ್ಲಾಸಿಗೆ ಕ್ಲಾಸೇ ನಕ್ಕಿತು. ಯಾದವಗಿರಿಯ ಬಂಗಲೆಗಳ ಮಕ್ಕಳು, ಪೇಟೆಯ ಅಂಗಡಿಗಳ ಮಕ್ಕಳು. ಅವರ ಬಾಯಲ್ಲಿ ಹಕಾರ ಸುಲಭವಾಗಿ ಬರುತ್ತಿತ್ತು. ಆ ವರ್ಷ ಬೇಸಿಗೆ ರಜೆಯಲ್ಲಿ ಅಶೋಕ ದಿನಾ ಹಿತ್ತಲಲ್ಲಿ ಕೂತು, ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಹಾಲು, ಹಣ್ಣು, ಹೂವು ಎಂದು ಹೇಳಿಕೊಂಡ. ಅಂಗೈಗೆ ಉಸಿರು ತಗುಲಿದರೆ ಸರಿ, ತಗುಲದಿದ್ದರೆ ತಪ್ಪು. ಚೆಲುವಯ್ಯ ನೋಡಿ, ‘ಯಾಕ್ಲಾ ಮಗ, ಬಿಸಿ ಗಂಜಿ ಕುಡ್ದೋನಂಗೆ ಉಸ್ ಉಸ್ ಅಂತೀಯ?’ ಎಂದು ನಕ್ಕಿದ್ದರು. ಒಂಬತ್ತನೇ ಕ್ಲಾಸಿನ ಹೊತ್ತಿಗೆ ಅವನಿಗೆ ಎರಡು ಬಾಯಿಗಳಾಗಿದ್ದವು, ಶಾಲೆಗೊಂದು, ಮನೆಗೊಂದು.

ಅದೇ ವರ್ಷ ಜವರಯ್ಯ ಮೇಷ್ಟ್ರು ಗಣಿತಕ್ಕೆ ಬಂದರು. ನರಸೀಪುರದ ಕಡೆಯವರು, ಮೂವತ್ತರ ಆಸುಪಾಸು. ಹಂಗಾಮಿ ಕೆಲಸ, ಎರಡು ವರ್ಷ ನೋಡಿ ಕಾಯಂ ಮಾಡುತ್ತೇವೆಂದು ಆಡಳಿತ ಮಂಡಳಿ ಹೇಳಿತ್ತು. ಸಮೀಕರಣ ಎಂದರೆ ತಕ್ಕಡಿ ಎಂದು ಬಾಯಲ್ಲಿ ಹೇಳಿ ಸುಮ್ಮನಾಗುವವರಲ್ಲ ಅವರು. ನಿಜವಾದ ತಕ್ಕಡಿಯನ್ನೇ ಚೀಲದಲ್ಲಿ ತಂದು, ಎರಡೂ ತಟ್ಟೆಗೆ ಗೋಲಿ ಹಾಕಿ ತೆಗೆದು ತೋರಿಸಿದವರು. ಲೆಕ್ಕ ಎಂದರೆ ಹೊಟ್ಟೆನೋವು ಬರುತ್ತಿದ್ದವರಿಗೂ ಅವರ ಪಾಠ ತಲೆಗೆ ಹತ್ತುತ್ತಿತ್ತು. ಆದರೆ ಅವರ ಬಾಯಲ್ಲಿ ಹಕಾರವಿರಲಿಲ್ಲ. ಗಣಿತದ ಮೇಷ್ಟ್ರಿಗೆ ಅದು ಎಂಥ ಕಷ್ಟ! ಹತ್ತರಿಂದ ಹತ್ತೊಂಬತ್ತರವರೆಗೆ ಹಕಾರವಿಲ್ಲದ ಒಂದು ಸಂಖ್ಯೆಯೂ ಇಲ್ಲ.

‘ಅತ್ತು ಇಂಟು ಅನ್ನೆರಡು ಎಷ್ಟಾಯ್ತು?’ ಎಂದು ಅವರು ಬೋರ್ಡಿನ ಕಡೆ ತಿರುಗಿ ಕೇಳಿದ ದಿನ, ಹಿಂದಿನ ಬೆಂಚಿನಲ್ಲಿ ಅಶೋಕ ಕಣ್ಣೊರೆಸಿಕೊಂಡು ಮೂಗು ಸೊರ್ ಎನ್ನಿಸಿ, ‘ಯಾಕ್ ಸಾರ್ ಅತ್ರಿ?’ ಎಂದು ಪಿಸುಗುಟ್ಟಿದ. ಸುತ್ತಲಿದ್ದವರು ಬೆಂಚಿನ ಮೇಲೆ ತಲೆಯಿಟ್ಟು ನಕ್ಕರು. ಸಾಯಂಕಾಲದೊಳಗೆ ‘ಅತ್ತು ಮೇಷ್ಟ್ರು’ ಇಡೀ ಶಾಲೆಗೆ ಗೊತ್ತಾಯಿತು. ಅವರ ನಡಿಗೆ, ಸೀಮೆಸುಣ್ಣ ಹಿಡಿದ ಕೈ, ಹಕಾರ ನುಂಗುವ ರೀತಿ, ಎಲ್ಲವನ್ನೂ ಅಶೋಕನ ಹಾಗೆ ಮಾಡಿ ತೋರಿಸುವವರು ಬೇರೆ ಇರಲಿಲ್ಲ. ಇರುವುದಾದರೂ ಹೇಗೆ? ಅವನಿಗೆ ಅದು ಹುಟ್ಟಿನಿಂದ ಬಂದ ಮಾತು.

ಶಾಲೆಯ ಪಕ್ಕದ ಬಂಗಲೆಯೊಂದಕ್ಕೆ ಕಾಂಪೌಂಡ್ ಕಟ್ಟುತ್ತಿದ್ದ ಚೆಲುವಯ್ಯನಿಗೂ ಮೇಷ್ಟ್ರಿಗೂ ಹೇಗೋ ಪರಿಚಯವಾಯಿತು. ಒಂದು ಭಾನುವಾರ ಮೇಷ್ಟ್ರು ಹಿನಕಲ್‌ಗೆ ಊಟಕ್ಕೇ ಬಂದುಬಿಟ್ಟರು. ಅವ್ವ ಪುಟ್ಟಲಿಂಗಮ್ಮ ಮುದ್ದೆ, ಉಪ್ಸಾರು ಮಾಡಿದ್ದಳು. ಮೇಷ್ಟ್ರು ಚಾಪೆಯ ಮೇಲೆ ಕೂತು ಉಂಡು, ಅವ್ವನ ಜೊತೆ ಎರಡು ಗಂಟೆ ಹೊತ್ತು ಊರಿನ ಮಾತು ಆಡಿದರು. ಯಾವ ಬಾಯಿ ತೆರೆಯಬೇಕೆಂದು ತಿಳಿಯದೆ ಅಶೋಕ ಒಂದು ಮಾತೂ ಆಡದೆ ಕೂತಿದ್ದ.

ಹತ್ತನೇ ಕ್ಲಾಸಿನ ಆಗಸ್ಟಿನಲ್ಲಿ ಅವ್ವನಿಗೆ ಜ್ವರ ಬಂದು ಅವನು ಎರಡು ದಿನ ಶಾಲೆಗೆ ಹೋಗಲಿಲ್ಲ. ಮೂರನೆಯ ದಿನ ಮೇಷ್ಟ್ರು ಕ್ಲಾಸಿಗೆ ಬಂದವರೇ ಎಲ್ಲರೆದುರು ಕೇಳಿದರು:

‘ಏನ್ಲಾ ಅಶೋಕ, ಅವ್ವ ಎಂಗವ್ರೆ? ಮುದ್ದೆ ತೊಳಸೋರು ಯಾರು, ನೀನೇನಾ?’

ಆ ದನಿಯಲ್ಲಿದ್ದ ಅಕ್ಕರೆಗೆ ಅಶೋಕ ಮೈಮರೆತ. ‘ಉಸಾರಾಗವ್ರೆ ಸಾರ್. ಆಸ್ಪತ್ರೆಗೆ ಓಗಿದ್ದೊ’ ಎಂದುಬಿಟ್ಟ.

ಮೊದಲು ನಕ್ಕದ್ದು ಶಿವಕಿರಣ. ಆಮೇಲೆ ಎಲ್ಲರೂ. ಮಧ್ಯಾಹ್ನದೊಳಗೆ ಅವನಿಗೆ ‘ಮರಿ ಅತ್ತು’ ಎಂದು ಹೆಸರಾಯಿತು. ಒಂದೂವರೆ ವರ್ಷ ಕಷ್ಟಪಟ್ಟು ಹೊದ್ದುಕೊಂಡದ್ದನ್ನು ಮೇಷ್ಟ್ರು ಒಂದು ಮಾತಿನಲ್ಲಿ ಕಿತ್ತೆಸೆದರು ಎಂದು ಅಶೋಕನಿಗೆ ಎಂಥ ಸಿಟ್ಟು ಬಂತೆಂದರೆ, ಆ ದಿನ ಮನೆಗೆ ಹೋದವನು ಅವ್ವ ಮಾತಾಡಿಸಿದರೂ ಮಾತಾಡಲಿಲ್ಲ.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಶಿವಕಿರಣನಿಗೆ ಗಣಿತದಲ್ಲಿ ತೀರ ಕಡಿಮೆ ಅಂಕ ಬಂದವು. ಮೇಷ್ಟ್ರ ಮಾತೇ ಅರ್ಥವಾಗುವುದಿಲ್ಲ ಎಂದು ಅವನು ಮನೆಯಲ್ಲಿ ಹೇಳಿದ. ಹಾಗಾದರೆ ಕ್ಲಾಸಿನವರೆಲ್ಲ ಬರೆದುಕೊಡಿ ನೋಡೋಣ ಎಂದರು ದೊಡ್ಡಪ್ಪ. ಬರೆಯುವವರು ಯಾರು ಎಂದು ಕೇಳುವಷ್ಟರಲ್ಲಿ ಅಶೋಕ, ‘ನಾನು ಬರೀತೀನಿ’ ಎಂದ. ಯಾರೂ ಅವನನ್ನು ಒತ್ತಾಯಿಸಲಿಲ್ಲ. ದುಂಡಗಿನ ಅಕ್ಷರದಲ್ಲಿ ಒಂದು ಪುಟ ಬರೆದ. ಅದು ಸಾಲದೆಂದು, ಮೇಷ್ಟ್ರು ತಪ್ಪಾಗಿ ಉಚ್ಚರಿಸುವ ಹನ್ನೆರಡು ಪದಗಳನ್ನು ಕೆಳಗೆ ಸಾಲಾಗಿ ಬರೆದ. ಸಹಿಗೆ ಕಾಗದ ಬೆಂಚಿನಿಂದ ಬೆಂಚಿಗೆ ಹೋಯಿತು. ಭಾನುಪ್ರಿಯಾ ಒಬ್ಬಳೇ ಹಾಕಲಿಲ್ಲ.

‘ನಾನ್ ಆಕಲ್ಲ. ನಾನೂ ಅಂಗೇ ಮಾತಾಡದು. ನೀನೂ ಅಂಗೇ ಮಾತಾಡದು’ ಎಂದು ಅಶೋಕನ ಮುಖ ನೋಡಿ ಹೇಳಿ ಕಾಗದವನ್ನು ಮುಂದಕ್ಕೆ ತಳ್ಳಿದಳು.

ದಸರಾ ರಜೆ ಮುಗಿಸಿ ಬಂದಾಗ ಜವರಯ್ಯ ಮೇಷ್ಟ್ರು ಇರಲಿಲ್ಲ. ಜನವರಿಯವರೆಗೆ ಗಣಿತಕ್ಕೆ ಯಾರೂ ಬರಲಿಲ್ಲ. ಅನುಕೂಲಸ್ಥರು ಟ್ಯೂಷನ್ನಿಗೆ ಹೋದರು. ಅಶೋಕ ಶಿವಕಿರಣನ ಮನೆಗೆ ಬರುತ್ತಿದ್ದ ಟ್ಯೂಷನ್ ಮೇಷ್ಟ್ರ ಹತ್ತಿರ ಅವನ ಜೊತೆ ಕೂತು ಕಲಿತ. ಆ ಕಾಗದದ ಋಣಕ್ಕೋ ಏನೋ, ಶಿವಕಿರಣನೇ ಕರೆದಿದ್ದ. ‘ಆ ಮೇಷ್ಟ್ರು ಯಾಕ್ಲಾ ಕಾಣ್ಸದೇ ಇಲ್ಲ?’ ಎಂದು ಅವ್ವ ಕೇಳಿದಾಗ, ‘ವರ್ಗ ಆಯ್ತು’ ಎಂದು ಹೇಳಿ ಮುಗಿಸಿದ.

ಈಗ ಹದಿಮೂರು ವರ್ಷದ ಮೇಲೆ, ಅದೇ ಶಾಲೆಯ ಹಾಲಿನಲ್ಲಿ, ಮೈಕ್ ಕೈಯಲ್ಲಿ ಹಿಡಿದು, ಮೂವತ್ತು ಜನ ಕೂಗುತ್ತಿರುವಾಗ, ಅಶೋಕ ‘ಬೇಡ ಬಿಡ್ರೋ’ ಎಂದು ಒಂದು ಸಲ ಹೇಳಿದ. ಎರಡನೆಯ ಸಲ ಹೇಳಲಿಲ್ಲ. ಎಡಗೈ ಬೆನ್ನ ಹಿಂದೆ ಕಟ್ಟಿ, ಬಲಗೈಯಲ್ಲಿ ಇಲ್ಲದ ಸೀಮೆಸುಣ್ಣ ಹಿಡಿದು, ಕುತ್ತಿಗೆ ಮುಂದಕ್ಕೆ ಚಾಚಿ ಎರಡು ಹೆಜ್ಜೆ ಹಾಕಿದ.

‘ನೋಡ್ರಪ್ಪಾ, ಅತ್ತು ಆಕು, ಅನ್ನೊಂದು ಆಕು…’

ಜನ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗುವಿನ ಹುರುಪಿಗೆ ಅವನೂ ಏರಿದ. ಅಂದು ಕ್ಲಾಸಿನಲ್ಲಿ ನಡೆದದ್ದನ್ನೂ ಸೇರಿಸಿದ. ‘ಏನ್ಲಾ, ಅವ್ವ ಎಂಗವ್ರೆ?’ ಎಂದು ಮೇಷ್ಟ್ರ ದನಿಯಲ್ಲಿ ಕೇಳಿದ. ಮುಗಿಸಿ, ಬಾಗಿ ನಮಸ್ಕಾರ ಮಾಡಿ, ಚಪ್ಪಾಳೆ ತೆಗೆದುಕೊಂಡ.

ಚಪ್ಪಾಳೆ ನಿಲ್ಲುವ ಮೊದಲೇ ಭಾನುಪ್ರಿಯಾ ಎದ್ದು ಮುಂದೆ ಬಂದಳು. ‘ನಂದೂ ಎರಡು ಮಾತು’ ಎಂದು ಅವನ ಕೈಯಿಂದ ಮೈಕ್ ತೆಗೆದುಕೊಂಡಳು.

‘ನಾನು ಭಾನುಪ್ರಿಯಾ. ಎಷ್ಟೋ ಜನಕ್ಕೆ ನೆನಪಿರಕ್ಕಿಲ್ಲ, ನಾನು ಮಾತಾಡ್ತಿದ್ದಿದ್ದೇ ಕಮ್ಮಿ. ಒಟ್ಟಿಗೆ ಎಂಗ್ ಬೆಳುದ್ವಿ ಅಂತ ಯೋಳ್ಬೇಕಂತಲ್ಲ. ನಾನು ಗಣಿತದಲ್ಲಿ ಫೇಲಾದೆ. ಮೂರ್ ಸಲ ಕಟ್ಟುದ್ರೂ ಆಗ್ನಿಲ್ಲ. ಊದುಬತ್ತಿ ಒಸೆದೆ, ಆಮೇಲೆ ಅಂಗನವಾಡೀಲಿ ಸಹಾಯಕಿ ಆದೆ. ಕಾರ್ಯಕರ್ತೆ ಆಗ್ಬೇಕಾದ್ರೆ ಎಸ್ಸೆಸ್ಸೆಲ್ಸಿ ಆಗಿರ್ಬೇಕು. ಓದ್ ವರ್ಷ ಪಾಸಾದೆ, ಇಪ್ಪತ್ತೆಂಟನೇ ವಯಸ್ಸಲ್ಲಿ. ಗಣಿತದಲ್ಲಿ ಅರವತ್ತೊಂದು. ಯೋಳ್ಕೊಟ್ಟೋರು ನೀವೀಗ ನಕ್ಕುದ್ರಲ್ಲ, ಅವ್ರೇ, ಜವರಯ್ಯ ಸಾರು.’

ಮೈಕನ್ನು ಅಶೋಕನ ಕೈಗಿಟ್ಟು ಕೆಳಗಿಳಿದಳು. ಮುಂದಿನವರನ್ನು ಕರೆಯಬೇಕಾದದ್ದು ನಿರೂಪಕನ ಕೆಲಸ. ಮಾತಿಗೆ ಎಂದೂ ತಡವರಿಸದ ಅಶೋಕನಿಗೆ ಕೈಯಲ್ಲಿದ್ದ ಚೀಟಿಯ ಹೆಸರುಗಳೇ ಕಾಣಿಸಲಿಲ್ಲ. ಕೊನೆಗೆ ಶಿವಕಿರಣನೇ ಎದ್ದು, ‘ಊಟ ರೆಡಿ ಇದೆ, ಎಲ್ಲರೂ ಬನ್ನಿ’ ಎಂದ.

ಭಾನುಪ್ರಿಯಾ ಊಟಕ್ಕೆ ನಿಲ್ಲಲಿಲ್ಲ. ಅಶೋಕ ಓಡಿ ಹೋಗಿ ಗೇಟಿನ ಹತ್ತಿರ ಅವಳನ್ನು ಹಿಡಿದ.

‘ಭಾನು, ಊಟ ಮಾಡ್ಕೊಂಡು ಹೋಗು.’

‘ಬ್ಯಾಡ ಕಣೋ.’ ಅವಳಲ್ಲಿ ಸಿಟ್ಟೇನೂ ಕಾಣಲಿಲ್ಲ, ದಣಿದವಳ ಹಾಗಿದ್ದಳು. ‘ಚಿಕ್ಕೋರಿದ್ದಾಗ ಮಾಡ್ದೆ, ಓಗ್ಲಿ ಬುಡು. ಈಗ್ಲೂನಾ ಅಶೋಕ?’

ಅವನು ನೆಲ ನೋಡಿದ. ‘ಕಾಗದ ಬರೆದೋನು ನಾನು ಅಂತ ಅವರಿಗೆ ಗೊತ್ತಾ?’

‘ನಾನಂತೂ ಯೋಳಿಲ್ಲ. ನೀನೇ ಓಗಿ ಕೇಳು. ರಾಮಕೃಷ್ಣನಗರದಲ್ಲವ್ರೆ. ಬಾಡಿಗೆ ಮನೆ, ಮಕ್ಕಳಿಗೆ ಟ್ಯೂಷನ್ ಯೋಳ್ತಾರೆ. ನಿಮ್ಮನೆಗೇನ್ ದೂರ? ಒಂದಿನಾನೂ ಕಾಣ್ನಿಲ್ವಾ?’

‘ಇಲ್ಲ’ ಎಂದ ಅಶೋಕ.

ಅದು ಸುಳ್ಳು. ಕೆಲಸ ಸಿಕ್ಕಿ, ಅಪ್ಪ ತೀರಿಕೊಂಡ ಮೇಲೆ ಅವನು ಅವ್ವನನ್ನು ಕರೆದುಕೊಂಡು ಕುವೆಂಪುನಗರಕ್ಕೆ ಬಂದಿದ್ದ. ಎರಡು ವರ್ಷದ ಹಿಂದೆ ಒಂದು ಸಂಜೆ ರಾಮಕೃಷ್ಣನಗರದ ಬಸ್‌ಸ್ಟಾಪಿನಲ್ಲಿ, ತರಕಾರಿ ಚೀಲ ಹಿಡಿದು ನಿಂತಿದ್ದ ಮೇಷ್ಟ್ರನ್ನು ಹತ್ತು ಮಾರು ದೂರದಿಂದ ನೋಡಿದ್ದ. ತಕ್ಷಣ ತಿರುಗಿ ಪಕ್ಕದ ರಸ್ತೆಗೆ ನುಗ್ಗಿದ್ದ. ಅಂದಿನಿಂದ ಆ ಸ್ಟಾಪಿನಲ್ಲಿ ಇಳಿಯುವುದನ್ನೇ ಬಿಟ್ಟಿದ್ದ.

ಮಾರನೆಯ ದಿನ ಶಿವಕಿರಣನಿಗೆ ಫೋನ್ ಮಾಡಿ, ಮೇಷ್ಟ್ರ ಹತ್ತಿರ ಒಟ್ಟಿಗೆ ಹೋಗಿ ಬರೋಣವೇ ಎಂದು ಕೇಳಿದ.

‘ಹಳೇದನ್ನ ಯಾಕೋ ಕೆದಕ್ತೀಯ? ಆಗ ನಾವು ಹುಡುಗ್ರು. ಅವರಿಗೂ ಮರೆತುಹೋಗಿರತ್ತೆ ಬಿಡು’ ಎಂದ ಶಿವಕಿರಣ. ಸ್ವಲ್ಪ ತಡೆದು, ‘ಬರೆದಿದ್ದು ನೀನು ತಾನೆ’ ಎಂದೂ ಸೇರಿಸಿದ.

ಶನಿವಾರ ಕಚೇರಿ ಬಿಟ್ಟವನೇ ಅಶೋಕ ಒಬ್ಬನೇ ಹೋದ. ರಾಮಕೃಷ್ಣನಗರದ ಒಳರಸ್ತೆಯಲ್ಲಿ, ಮಹಡಿ ಮನೆಯೊಂದರ ಪಕ್ಕಕ್ಕೆ ಅಂಟಿಕೊಂಡ ಎರಡು ಕೋಣೆ. ಬಾಗಿಲಲ್ಲಿ ಏಳೆಂಟು ಜೊತೆ ಚಪ್ಪಲಿ. ಒಳಗೆ ಚಾಪೆಯ ಮೇಲೆ ಮಕ್ಕಳು, ಗೋಡೆಗೆ ಒರಗಿಸಿದ ಕಪ್ಪು ಹಲಗೆ, ಪಕ್ಕದಲ್ಲಿ ಮೇಷ್ಟ್ರು. ಕೂದಲು ಮುಕ್ಕಾಲು ಪಾಲು ನೆರೆತಿತ್ತು. ಬಾಗಿಲ ಕಡೆ ನೋಡಿ, ಯಾರೆಂದು ಕೇಳದೆ, ಕೂತಿರು ಎಂಬಂತೆ ಕೈಸನ್ನೆ ಮಾಡಿ ಪಾಠ ಮುಂದುವರಿಸಿದರು. ಅಶೋಕ ಹಿಂದೆ ಗೋಡೆಯ ಪಕ್ಕ ಕೂತ.

ಮೇಷ್ಟ್ರು ಹೆಚ್ಚಿನದನ್ನು ಬರೆದೇ ತೋರಿಸುತ್ತಿದ್ದರು. ಮಾತಾಡಲೇಬೇಕಾದಾಗ ಒಂದು ಕ್ಷಣ ನಿಂತು, ಮೆಟ್ಟಿಲು ನೋಡಿ ಕಾಲಿಡುವವರ ಹಾಗೆ ಪದವನ್ನು ಹೊರಗಿಡುತ್ತಿದ್ದರು. ‘ಇದಕ್ಕೆ… ಹತ್ತು ಸೇರಿಸಿದರೆ… ಹದಿನೇಳು.’ ಹಕಾರ ಸ್ಪಷ್ಟವಾಗಿತ್ತು. ಅದನ್ನು ಹೇಳುವಾಗ ಅವರ ಕುತ್ತಿಗೆಯ ನರ ಸ್ವಲ್ಪ ಉಬ್ಬುತ್ತಿತ್ತು. ಅಶೋಕನಿಗೆ ಎದ್ದು ಹೋಗಿಬಿಡಬೇಕೆನಿಸಿತು. ತಕ್ಕಡಿ ಎತ್ತಿ ತೋರಿಸುತ್ತ, ನಡುನಡುವೆ ನಗಿಸುತ್ತ, ಉಸಿರು ಬಿಡದೆ ಮಾತಾಡುತ್ತಿದ್ದ ಮೇಷ್ಟ್ರು ಇವರೇ ಎಂದು ನಂಬುವುದು ಕಷ್ಟವಾಗಿತ್ತು.

ಮಕ್ಕಳು ಹೋದ ಮೇಲೆ ಮೇಷ್ಟ್ರು ಹಲಗೆ ಒರೆಸಿ ಬಂದು ಎದುರಿಗೆ ಕೂತರು.

‘ಅಶೋಕ ಅಲ್ಲವಾ? ಅವ್ವ ಹೇಗಿದ್ದಾರೆ?’

‘ಚೆನ್ನಾಗಿದ್ದಾರೆ ಸಾರ್. ಅಪ್ಪ ಹೋಗಿಬಿಟ್ಟರು.’

‘ಭಾನು ಹೇಳಿದಳು.’

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಅಶೋಕನಿಗೆ ನೆನಪಾಗಲಿಲ್ಲ. ‘ಸಾರ್, ನನ್ನನ್ನು ಕ್ಷಮಿಸಬೇಕು’ ಎಂದ.

‘ಯಾವುದಕ್ಕೆ?’

ತಾನೇ ಹೇಳಬೇಕಾಗುತ್ತದೆ ಎಂದು ಅವನು ಎಣಿಸಿರಲಿಲ್ಲ. ‘ಆ ಕಾಗದ… ಬರೆದವನು ನಾನು ಸಾರ್.’

‘ನಿನ್ನ ನೋಟ್‌ಬುಕ್ಕನ್ನು ಒಂದೂಕಾಲು ವರ್ಷ ತಿದ್ದಿದವನು ನಾನು. ಸಿದ್ದಮಲ್ಲಪ್ಪನವರು ಕಾಗದ ಮೇಜಿನ ಮೇಲೆ ಇಟ್ಟಾಗ ಓದುವ ಮೊದಲೇ ಗೊತ್ತಾಯಿತು.’ ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ‘ಹನ್ನೆರಡು ಪದ ಬರೆದಿದ್ದೆ. ಒಂದೂ ಸುಳ್ಳಲ್ಲ. ಆಮೇಲೆ ಯಾವ ಶಾಲೆಗೆ ಹೋದರೂ ಬಾಯಿ ತೆರೆಯುವ ಮೊದಲು ಆ ಹನ್ನೆರಡೂ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು. ಮಾತಿನ ಮೇಲೆ ಗಮನ ಇಟ್ಟರೆ ಲೆಕ್ಕ ತಪ್ಪುತ್ತಿತ್ತು. ಲೆಕ್ಕದ ಮೇಲೆ ಇಟ್ಟರೆ ಮಾತು. ಐದು ಶಾಲೆ ಆಯಿತು. ಎಲ್ಲೂ ಕಾಯಂ ಆಗಲಿಲ್ಲ. ಈಗ ಈ ಮಕ್ಕಳೇ ಸಾಕು.’

‘ಆಗ ಇನ್ನೂ ವಯಸ್ಸು… ತಿಳಿವಳಿಕೆ ಇರಲಿಲ್ಲ ಸಾರ್.’

‘ವಯಸ್ಸು ಅನ್ನಬೇಡ ಅಶೋಕ. ಭಾನುಗೂ ಅದೇ ವಯಸ್ಸು.’

ಅಶೋಕ ಭಾನುವಾರ ಶಾಲೆಯಲ್ಲಿ ತಾನು ಮಾಡಿದ್ದನ್ನೂ, ಬಸ್‌ಸ್ಟಾಪಿನಲ್ಲಿ ಕಂಡು ತಪ್ಪಿಸಿಕೊಂಡು ಹೋದದ್ದನ್ನೂ ಆಮೇಲೆ ಹೇಳಿದ. ಯಾಕೆ ಹೇಳುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಹೇಳದೆ ಎದ್ದರೆ ಅದೂ ಇನ್ನೊಂದು ಕಳ್ಳತನವಾಗುತ್ತದೆ ಎನಿಸಿತ್ತು. ಮೇಷ್ಟ್ರು ಎಲ್ಲ ಕೇಳಿಸಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ‘ಕತ್ತಲಾಗುತ್ತಾ ಬಂತು, ಅವ್ವ ಕಾಯುತ್ತಿರುತ್ತಾರೆ’ ಎಂದು ಎದ್ದರು.

ಮನೆಗೆ ಬಂದಾಗ ಪುಟ್ಟಲಿಂಗಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅಶೋಕ ಪಕ್ಕದಲ್ಲಿ ಕೂತು ಎರಡು ಕಾಯಿ ಬಿಡಿಸಿದ. ಆಮೇಲೆ ಹೇಳಿದ, ಮೊದಲಿನಿಂದ ಕೊನೆಯವರೆಗೆ. ವರ್ಗ ಆಯ್ತು ಎಂದದ್ದು ಸುಳ್ಳು ಎಂಬುದನ್ನೂ ಹೇಳಿದ.

ಅವ್ವನ ಕೈ ನಿಂತಿತು. ‘ನಮ್ಮನೇಲಿ ಉಂಡೋದ್ರಲ್ಲ, ಆ ಮೇಷ್ಟ್ರಾ?’

‘ಊಂ.’

‘ನಾವ್ ಮಾತಾಡ ಮಾತ್ನೇ ತಪ್ಪು ಅಂತ ಬರ್ಕೊಟ್ಯಾ? ಅದ ಬರೀಲಿ ಅಂತೇನ್ಲಾ ನಿಮ್ಮಪ್ಪ ಬಿಸ್ಲಲ್ಲಿ ಇಟ್ಗೆ ಒತ್ತಿದ್ದು?’

ಅವಳು ಮೊರ ತೆಗೆದುಕೊಂಡು ಒಳಗೆ ಹೋದಳು. ನಾಲ್ಕು ದಿನ ಅವನ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಡಿಸುತ್ತಿದ್ದ ಹಾಗೆ ಬಡಿಸುತ್ತಿದ್ದಳು, ಅಷ್ಟೆ. ಅವಳು ಮಾತು ಬಿಟ್ಟ ಮೇಲೆ ಅಶೋಕನಿಗೆ ಇನ್ನೊಂದು ಹೊಳೆಯಿತು. ಕಚೇರಿಯವರು ಮನೆಗೆ ಬಂದಾಗಲೆಲ್ಲ ಅವ್ವ ಕಾಫಿಯ ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ನಾಚಿಕೆಯ ಸ್ವಭಾವ ಎಂದು ಅವನು ಅಂದುಕೊಂಡಿದ್ದ. ಯಾರ ನಾಚಿಕೆಯನ್ನು ಅವಳು ಕಾಯುತ್ತಿದ್ದಳು ಎಂದು ಈಗ ತಿಳಿಯಿತು.

ಐದನೆಯ ದಿನ ಬೆಳಿಗ್ಗೆ ಅವಳು ಒಳ್ಳೆಯ ಸೀರೆ ಉಟ್ಟು, ಬುಟ್ಟಿಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ನಡಿ, ರಜ ಆಕು. ಅವ್ರ ಮನೆ ತೋರ್ಸು.’

ಮೇಷ್ಟ್ರು ಬಾಗಿಲು ತೆಗೆದವರು ಅವಳನ್ನು ನೋಡಿ ಒಂದು ಗಳಿಗೆ ಹಾಗೇ ನಿಂತರು. ‘ಬನ್ನಿ, ಒಳಗೆ ಬನ್ನಿ, ಹೇಗಿದ್ದೀರಿ?’ ಎಂದು ನಿಧಾನವಾಗಿ, ಸರಿಯಾಗಿ ಕೇಳಿದರು.

‘ನಮ್ ಜೊತೇಲೂ ಇಂಗ್ಯಾಕೆ ಮಾತಾಡೀರಿ ಮೇಷ್ಟ್ರೇ?’ ಎಂದಳು ಪುಟ್ಟಲಿಂಗಮ್ಮ. ‘ನನ್ ಮಗ ಮಾಡಬಾರದ್ದ ಮಾಡ್ಬುಟ್ಟ. ನನಗೊತ್ತಾಗಿದ್ದು ಈಗ. ಗೊತ್ತಾದ್ಮೇಲೆ ಮನೇಲಿ ಕುಂತ್ಕಳಕ್ಕಾಗ್ನಿಲ್ಲ.’

‘ಅಯ್ಯೋ, ಅದ್ಯಾಕೆ ನೀವು…’ ಎಂದರು ಮೇಷ್ಟ್ರು. ಆಮೇಲೆ ಏನೋ ಸಡಿಲವಾದ ಹಾಗೆ, ‘ಕುಂತ್ಕಳವ್ವ. ಎಂಗ್ ಬಂದೆ? ಬಸ್ ಸಿಕ್ತಾ?’ ಎಂದರು.

ಅವರಿಬ್ಬರೂ ಚಾಪೆಯ ಮೇಲೆ ಕೂತು ಮಾತಿಗೆ ತೊಡಗಿದರು. ಚೆಲುವಯ್ಯ ಕಾಯಿಲೆ ಬಿದ್ದದ್ದು, ಹಿನಕಲ್‌ನ ಹೊಲವೆಲ್ಲ ಸೈಟುಗಳಾದದ್ದು, ನರಸೀಪುರದಲ್ಲಿ ಮೇಷ್ಟ್ರ ತಮ್ಮ ಲಿಂಗಯ್ಯನ ಮಗಳ ಮದುವೆ. ಮೇಷ್ಟ್ರ ಮಾತು ಈಗ ಎಲ್ಲೂ ನಿಲ್ಲುತ್ತಿರಲಿಲ್ಲ. ಒಂದು ಸಲ ಮೇಷ್ಟ್ರು ಜೋರಾಗಿ ನಕ್ಕರು. ಬಾಗಿಲ ಪಕ್ಕ ಕೂತ ಅಶೋಕನ ಕಡೆ ಯಾರೂ ತಿರುಗಲಿಲ್ಲ. ಅವನೂ ಒಂದು ಮಾತು ಸೇರಿಸಬೇಕೆಂದು ಎರಡು ಸಲ ಬಾಯಿ ತೆರೆದ. ಬಾಯಿಗೆ ಬಂದದ್ದು ಸಭೆಯ ಕನ್ನಡ. ಮನೆಯ ಮಾತನ್ನು ಇಲ್ಲಿ ಆಡಿದರೆ ಅದು ಮತ್ತೆ ಅಣಕಿಸಿದ ಹಾಗೆ ಕೇಳಿಸೀತೆಂದು ಹೆದರಿ ಎರಡು ಸಲವೂ ಮುಚ್ಚಿಕೊಂಡ.

ಹೊರಡುವಾಗ ಪುಟ್ಟಲಿಂಗಮ್ಮ, ‘ಒಂದಿನ ಊಟಕ್ ಬರ್ಬೇಕು’ ಎಂದಳು.

ಮೇಷ್ಟ್ರು ಅಶೋಕನ ಮುಖ ನೋಡಿದರು. ‘ನೋಡಾನ ಕನವ್ವ’ ಎಂದರು.

ಬಸ್ಸಿನಲ್ಲಿ ಅವ್ವ ಕಿಟಕಿಯಾಚೆ ನೋಡುತ್ತ ಹೇಳಿದಳು: ‘ಬತ್ತಾರೋ ಇಲ್ವೋ. ಬರದೇ ಇದ್ರೂ ಅವ್ರ ತಪ್ಪಲ್ಲ.’

ಮೇಷ್ಟ್ರು ಯುಗಾದಿಗೆ ಬರಲಿಲ್ಲ, ಗೌರಿ ಹಬ್ಬಕ್ಕೂ ಬರಲಿಲ್ಲ. ಅಶೋಕ ಎರಡು ಸಲವೂ ಹೋಗಿ ಕರೆದಿದ್ದ. ಎರಡು ಸಲವೂ ಅವರು ಅವನನ್ನು ಕೂರಿಸಿ, ಕಾಫಿ ಕೊಟ್ಟು, ಒಂದೊಂದೇ ಪದವನ್ನು ಜೋಡಿಸಿ ಸರಿಯಾದ ಕನ್ನಡದಲ್ಲಿ ಮಾತಾಡಿಸಿ ಕಳಿಸಿದರು. ದಸರಾ ಮುಗಿದ ವಾರ ಅವನು ಮೂರನೆಯ ಸಲ ಕರೆಯಲು ಹೊರಟ.